ಮುತ್ಯಾನ ಎಡಗಾಲು, ನನ್ನ ಬಲಗಾಲು

ನಮ್ಮ ಮನೆಗೆ ಯಾರು ಬಂದರು ಎನ್ನುವುದನ್ನು ಕಣ್ಣಿಂದ ನೋಡಿ ತಿಳಿಯಬೇಕಾಗಿರಲಿಲ್ಲ. ಐನಾಪುರದ ಹೊರಗೆ, ದ್ರಾಕ್ಷಿ ತೋಟಕ್ಕೆ ಬೆನ್ನು ಮಾಡಿ ನಿಂತ ಆ ಮನೆಯ ಪಡಸಾಲೆಗೆ ಶಹಾಬಾದಿ ಫರಸಿಕಲ್ಲು ಹಾಸಿತ್ತು. ಅದರ ಮೇಲೆ ಕಾಲಿಟ್ಟವರೆಲ್ಲ ತಮ್ಮ ತಮ್ಮ ಸದ್ದನ್ನು ಬಿಟ್ಟುಕೊಡುತ್ತಿದ್ದರು. ಅಪ್ಪನದು ಧಪ್ ಧಪ್, ಬಾಗಿಲಿಗೆ ಬರುವ ಮೊದಲೇ ಸಿಟ್ಟು ಬಂದವರ ಹಾಗೆ. ಅವ್ವನದು ಓಡುನಡಿಗೆ, ಒಲೆಯ ಮೇಲೆ ಸದಾ ಏನೋ ಉಕ್ಕುತ್ತಿದೆ ಎನ್ನುವಂತೆ. ಅಕ್ಕ ಸುನಂದಾ ಹಿಮ್ಮಡಿಯೂರಿ ನಡೆಯುತ್ತಿದ್ದಳು, ಯಾರ ಮೇಲೋ ದೂರು ಹೇಳಲು ಹೊರಟವಳಂತೆ. ಆ ಯಾರೋ ಬಹುತೇಕ ನಾನೇ ಆಗಿರುತ್ತಿದ್ದೆ. ಇವರೆಲ್ಲರಿಗಿಂತ ಚಂದದ್ದು ಅಪ್ಪನ ಅಪ್ಪ, ನಮ್ಮ ಮುತ್ಯಾನ ನಡಿಗೆ. ಒಂದು ಹೆಜ್ಜೆ, ಒಂದು ಎಳೆತ, ಒಂದು ಬಡಿಗೆಯ ಟಕ್. ಹರೆಯದಲ್ಲಿ ಹೋರಿಯೊಂದು ಒದ್ದು ಅವನ ಎಡತೊಡೆಯ ಕೀಲು ಸರಿದಿತ್ತಂತೆ. ಆ ಹೋರಿಯನ್ನು ಅವನು ಎಂದೂ ಬೈದದ್ದು ಕೇಳಿಲ್ಲ. ಹೋರಿಯ ಬಣ್ಣ, ಕೋಡು, ಹೆಗಲು ಎಲ್ಲ ಹೊಗಳಿ, ಕೊನೆಗೆ ಇಂಥಾ ಹೋರಿಯ ಒದೆ ಎಲ್ಲರಿಗೂ ಸಿಗುವುದಿಲ್ಲ ಎಂಬಂತೆ ಮೀಸೆ ತಿರುವುತ್ತಿದ್ದ.

ಆ ನಡಿಗೆಯನ್ನು ನಾನು ಏಳನೆಯ ವಯಸ್ಸಿನಲ್ಲೇ ಕದ್ದೆ. ಕದಿಯುವುದು ಸುಲಭವಿರಲಿಲ್ಲ. ಮುತ್ಯಾ ಎಡಗಾಲನ್ನು ನೇರವಾಗಿ ಮುಂದಿಡುತ್ತಿರಲಿಲ್ಲ, ಕುಡುಗೋಲು ಬೀಸಿದಂತೆ ಹೊರಗಡೆಯಿಂದ ತಂದು ಇಡುತ್ತಿದ್ದ. ಇಡುವಾಗ ಮೂಗಿನಲ್ಲಿ ‘ಹ್ಞಾ’ ಎಂದು ಸಣ್ಣ ದನಿ. ಆ ದನಿ ಮುಗಿದ ಮೇಲೆಯೇ ಬಡಿಗೆ, ಅದಕ್ಕೂ ಮೊದಲಲ್ಲ. ಓಣಿಯ ಹುಡುಗರೂ ಮುತ್ಯಾನನ್ನು ಅಣಕಿಸುತ್ತಿದ್ದರು, ಆದರೆ ಅವರದು ಬರೀ ಕುಂಟುವುದು, ನನ್ನದು ಮುತ್ಯಾ. ಹಾಗೆಯೇ ಕನ್ನಡದಲ್ಲಿ ಟಿಕೆಟ್ ಕೇಳಿ ಮರಾಠಿಯಲ್ಲಿ ಚಿಲ್ಲರೆ ಇಲ್ಲವೆನ್ನುವ ಕಂಡಕ್ಟರ್, ಪ್ರತಿ ವಾಕ್ಯದ ಕೊನೆಗೆ ತಲೆ ಸವರಿಕೊಳ್ಳುವ ಬೋಳುತಲೆಯ ಮಾಸ್ತರ, ರೊಟ್ಟಿ ಬಡಿಯುತ್ತಲೇ ಅಳುವ ಅವ್ವ, ಎಲ್ಲರೂ ನನ್ನ ಮೈಯೊಳಗೆ ಬಾಡಿಗೆಗಿದ್ದರು. ಮಾಡಲು ಯಾರೂ ಸಿಗದ ದಿನ ನನ್ನನ್ನೇ ಮಾಡುತ್ತಿದ್ದೆ: ಬೈಸಿಕೊಂಡ ಮೇಲೆ ಮೂಗು ಒರೆಸುತ್ತ ಕಳ್ಳಗಣ್ಣಿಂದ ನೋಡುವ ಹುಡುಗ. ಅದಕ್ಕೆ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನಗು.

ನಮ್ಮ ಗಡಿ ಸೀಮೆಯ ಮಾತಿನಲ್ಲಿ ವೇಷ ಹಾಕುವುದಕ್ಕೂ, ಇಲ್ಲದ ಬೇನೆ ಇದೆಯೆಂದು ನಟಿಸುವುದಕ್ಕೂ ಒಂದೇ ಶಬ್ದ: ಸೋಂಗ. ಶಿವಾನಂದ ಎಂಬ ನನ್ನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮನೆಯಲ್ಲಿ ನಾನು ಸೋಂಗ್ಯಾ. ನನ್ನ ಪ್ರತಾಪಕ್ಕೆ ಸಿಕ್ಕ ಆ ಬಿರುದು ನನಗೆ ಬಹಳ ಹಿಡಿಸಿತ್ತು. ಅದೇ ಶಬ್ದ ಒಂದು ದಿನ ನನ್ನ ಬಾಯಿಗೆ ಬೀಗ ಹಾಕುತ್ತದೆಂದು ಯಾರಿಗೂ ತಿಳಿದಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಆ ವರ್ಷ ನಾನು ಐದನೇ ಇಯತ್ತೆ. ದಸರೆಗೆ ಮೊದಲೇ ದ್ರಾಕ್ಷಿಯ ಚಾಟಣಿ ಮುಗಿದಿತ್ತು. ಬಳ್ಳಿಯ ಹಳೆಯ ಕಡ್ಡಿಗಳನ್ನೆಲ್ಲ ಕತ್ತರಿಸಿದ ಮೇಲೆ ಹೊಸ ಚಿಗುರು ಒಡೆಯುತ್ತದೆ. ಚಿಗುರಿಗೆ ಬೂಜು ತಗಲಬಾರದೆಂದು ಮೋರಚೂದ ಹೊಡೆಯುತ್ತಾರೆ. ಮೋರಚೂದವೆಂದರೆ ಮೈಲುತುತ್ತ, ನವಿಲಿನ ಕತ್ತಿನ ಬಣ್ಣದ ಹರಳು. ಅದನ್ನು ಡ್ರಮ್ಮಿನಲ್ಲಿ ನೆನೆಸಿ, ಸುಣ್ಣದ ನೀರು ಬೆರೆಸಿ, ಪಂಪಿಗೆ ಹಾಕಿ ಸಾಲು ಸಾಲು ತೋಯಿಸಬೇಕು. ಆ ಒಂದೂವರೆ ತಿಂಗಳು ನಮ್ಮ ಮನೆಗೆ ನೀಲಿ ಹಿಡಿಯುತ್ತಿತ್ತು. ಅಪ್ಪನ ಧೋತರ ನೀಲಿ, ಬಾಗಿಲ ಚಿಲಕ ನೀಲಿ, ನೀರಿನ ತಂಬಿಗೆಯ ಕಂಠ ನೀಲಿ, ಕರುವಿನ ಬೆನ್ನ ಮೇಲೂ ಅಪ್ಪ ಸವರಿದಷ್ಟು ನೀಲಿ. ಡ್ರಮ್ಮಿನೊಳಗೆ ಕೋಲು ತಿರುವುವುದು ನನ್ನ ಕೆಲಸವಾದ್ದರಿಂದ ನನ್ನ ಕೈಕಾಲಿನ ಮೇಲೆ ಅಲ್ಲಲ್ಲಿ ನೀಲಿ ಕಲೆ ಇದ್ದರೆ ಅದನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಮೊಣಕಾಲಿನ ಕೆಳಗೆ, ಮೊಣಕೈಯ ಹಿಂದೆ, ತೊಡೆಯ ಮೇಲೆ ರೂಪಾಯಿಯಗಲದ ಕಲೆಗಳು ಎದ್ದವು. ಎಲ್ಲಿಯೂ ಬಿದ್ದ ನೆನಪಿರಲಿಲ್ಲ. ಬಿದ್ದಿದ್ದರೆ ಬಿದ್ದದ್ದನ್ನೇ ಹತ್ತು ಸಲ ಮಾಡಿ ತೋರಿಸುತ್ತಿದ್ದೆ.

ಮೊದಲು ಬಂದದ್ದು ದಣಿವು. ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಒಂದು ಬೇವಿನ ಗಿಡ, ಒಂದು ನೀರಿನ ಟಾಕಿ. ನನ್ನ ಗೆಳೆಯರು ಅವೆರಡರ ನಡುವೆ ಓಡುತ್ತಿದ್ದರು. ನಾನು ಗಿಡದ ಕೆಳಗೊಮ್ಮೆ, ಟಾಕಿಯ ಕಟ್ಟೆಯ ಮೇಲೊಮ್ಮೆ ಕೂಡತೊಡಗಿದೆ. ಊಟಕ್ಕೆ ಕೂತರೆ ರೊಟ್ಟಿ ಮುರಿಯುವುದೂ ಒಂದು ಕೆಲಸ ಅನ್ನಿಸುತ್ತಿತ್ತು. ಜುಣಕ ಕಂಡರೆ ಮುಗಿಬೀಳುತ್ತಿದ್ದವನು ಗಂಗಾಳದ ಮುಂದೆಯೇ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದೆ. ಜ್ವರ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಊರಿನ ಡಾಕ್ಟರು, ವಯಸ್ಸಾದ ಒಳ್ಳೆಯ ಮನುಷ್ಯ, ಹವಾ ಬದಲಾದಾಗ ಎಲ್ಲ ಮಕ್ಕಳಿಗೂ ಬರುವ ಜ್ವರವೆಂದು ಬಾಟಲಿಯಲ್ಲಿ ಕೆಂಪು ಔಷಧ ಕೊಟ್ಟು ಒಂದು ಸೂಜಿ ಚುಚ್ಚಿದರು. ಸೂಜಿ ಚುಚ್ಚಿದ ಜಾಗದಲ್ಲಿ ಅಂಗೈಯಗಲ ನೀಲಿ ಬಂತು. ಚಡ್ಡಿಯೊಳಗಿನ ಸಂಗತಿಯಾದ್ದರಿಂದ ನಾನು ಯಾರಿಗೂ ತೋರಿಸಲಿಲ್ಲ.

ಇನ್ನೊಂದು ವಿಚಿತ್ರವೆಂದರೆ ನಾನು ಬೆಳ್ಳಗಾದೆ. ನಮ್ಮ ಮನೆಯವರೆಲ್ಲ ತೋಟದ ಬಿಸಿಲಿನವರು. ಆಚೆ ಮನೆಯ ಗಂಗವ್ವ ಮಜ್ಜಿಗೆಗೆ ಬಂದವಳು ನನ್ನ ಗಲ್ಲ ಹಿಡಿದು ಎತ್ತಿ ನೋಡಿದಳು.

“ಏನಬೇ, ನಿನ್ನ ಮಗ ಕುಲಕರ್ಣ್ಯಾರ ಮನಿ ಹುಡುಗನಂಗ ಬೆಳ್ಳಗ ಆಗ್ಯಾನಲ್ಲ! ಏನ ಹಚ್ಚತಿ?”

“ಏನ ಹಚ್ಚೂದು, ಅಂವಗ ಬಿಸಿಲಿಗೆ ಹೋಗ ಅಂದ್ರ ಬ್ಯಾಸರ. ಮನ್ಯಾಗ ಕುಂತ ಕುಂತ ಬೆಳ್ಳಗ ಆಗ್ಯಾನ,” ಎಂದು ಅವ್ವ ಬೈದಳು, ಆದರೆ ಒಳಗೊಳಗೇ ಖುಷಿಪಟ್ಟಳು. ನಾನೂ ಖುಷಿಪಟ್ಟೆ. ಅಕ್ಕನ ಕನ್ನಡಿಯಲ್ಲಿ ನೋಡಿಕೊಂಡೆ. ತುಟಿಯೂ ಬೆಳ್ಳಗಾಗಿತ್ತು. ಅದು ಮಾತ್ರ ಅಷ್ಟು ಚಂದ ಕಾಣಲಿಲ್ಲ.

ಕಬ್ಬಿನ ಕಾಲ ಶುರುವಾದಾಗ ಹಲ್ಲಿನಿಂದ ಸಿಪ್ಪೆ ಸುಲಿದು ತಿನ್ನುವುದು ನಮ್ಮ ಕಡೆಯ ಮಕ್ಕಳ ಗಂಡಸುತನ. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಕಬ್ಬು ತಿಂದು ಉಗುಳಿದರೆ ಸಿಪ್ಪೆಯೆಲ್ಲ ಕೆಂಪು. ಒಸಡಿನಿಂದ ರಕ್ತ ಬರುತ್ತಿತ್ತು. ಬೇರೆ ಯಾವ ಹುಡುಗನಾದರೂ ಅವ್ವನ ಹತ್ತಿರ ಓಡುತ್ತಿದ್ದ. ನಾನು ಏನು ಮಾಡಿದೆ? ಬಾಯಿ ತುಂಬ ಕೆಂಪಾಗಿದ್ದು ಸಿಕ್ಕಿತಲ್ಲ ಎಂದು ಮುತ್ಯಾನ ಹಾಗೆ ಗಲ್ಲ ಉಬ್ಬಿಸಿ, ಎರಡು ಬೆರಳು ತುಟಿಗಿಟ್ಟು, ಎಲೆಅಡಿಕೆ ಪಿಚಕಾರಿ ಹೊಡೆದೆ. ಗೆಳೆಯರು ಉರುಳಾಡಿ ನಕ್ಕರು. ಯಾವ ಡಾಕ್ಟರನಿಗಾದರೂ ಸಂಶಯ ಹುಟ್ಟಿಸಬಹುದಾಗಿದ್ದ ಒಂದು ಗುರುತನ್ನು ನಾನು ಹೀಗೆ ಎಲೆಅಡಿಕೆಯ ಲೆಕ್ಕಕ್ಕೆ ಹಾಕಿ ಮುಗಿಸಿದೆ.

ಆಮೇಲೆ ಕಾಲು. ಬಲಗಾಲಿನ ಮೊಣಕಾಲಿನ ಕೆಳಗೆ, ಚರ್ಮದಲ್ಲೂ ಅಲ್ಲ, ಮಾಂಸದಲ್ಲೂ ಅಲ್ಲ, ಎಲುಬಿನ ಒಳಗೆ ಯಾರೋ ಕೂತು ಒತ್ತುವಂಥ ನೋವು. ಎಣ್ಣೆ ತಿಕ್ಕಿದರೂ ಅದಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ. ಆ ಕಾಲಿನ ಮೇಲೆ ಭಾರ ಬಿಡಲಾಗದೆ ಎಳೆದುಕೊಂಡು ನಡೆದೆ. ಪಡಸಾಲೆಯ ಫರಸಿಯ ಮೇಲೆ ನನ್ನ ಸದ್ದು ಬದಲಾಯಿತು: ಒಂದು ಹೆಜ್ಜೆ, ಒಂದು ಎಳೆತ. ಮನೆಯವರೆಲ್ಲ ತಲೆಯೆತ್ತಿ ನೋಡಿ ಮತ್ತೆ ತಮ್ಮ ಕೆಲಸಕ್ಕೆ ತಿರುಗಿದರು.

“ಮುತ್ಯಾ, ನಿಮ್ಮ ಮೊಮ್ಮಗ ಮತ್ತ ಸೋಂಗ ಹಾಕ್ಯಾನ,” ಎಂದಳು ಅಕ್ಕ.

“ಕಾಲ ಮುರೀತೀನಿ ಕಳ್ಳ ನಿಂದು!” ಎಂದು ಮುತ್ಯಾ ಎಂದಿನಂತೆ ಬಡಿಗೆ ಎತ್ತಿದ.

“ಇಲ್ಲ ಮುತ್ಯಾ, ಖರೇನ ಬ್ಯಾನಿ ಆಗಾಕತ್ತೈತಿ.”

ನಾನು ಹೇಳಿದ ದನಿ ಎಷ್ಟು ದೀನವಾಗಿತ್ತೆಂದರೆ ಎಲ್ಲರೂ ಇನ್ನಷ್ಟು ನಕ್ಕರು. ಅದು ನನ್ನ ಅತ್ಯುತ್ತಮ ಸೋಂಗ ಎಂದು ಅವ್ವ ಗಂಗವ್ವನಿಗೆ ಹೇಳಿದಳಂತೆ. ನಿಜ ಹೇಳುವಾಗಿನ ನನ್ನ ದನಿ ಯಾವುದು ಎನ್ನುವುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲು ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ.

ಆ ವಾರವೇ ಭೋಜದಿಂದ ಅಕ್ಕನನ್ನು ನೋಡಲು ಬೀಗರು ಬಂದರು. ನಡುಮನೆಯಲ್ಲಿ ಜಮಖಾನೆ ಹಾಸಿ, ಅವಲಕ್ಕಿ ಚೂಡಾ ಮಾಡಿ, ಮುತ್ಯಾನ ತಲೆಗೆ ಜರಿ ಪಟಗಾ ಸುತ್ತಿ ಕೂರಿಸಿದ್ದರು. ಅಪ್ಪ ತೋಟದಲ್ಲಿ ಮೋರಚೂದ ಹೊಡೆಯುತ್ತಿದ್ದವನು ಕೈಕಾಲಿಗೆ ನೀರು ಮುಟ್ಟಿಸಿ ಓಡಿ ಬಂದಿದ್ದ. ಚೂಡಾದ ತಾಟು ಹಿಡಿದುಕೊಂಡು ಬರುವುದು ನನಗೆ ಬಿತ್ತು. ಬಂದೆ, ಕಾಲೆಳೆಯುತ್ತ. ಬೀಗರಲ್ಲಿ ಒಬ್ಬ ನನ್ನನ್ನು ನೋಡಿದ, ಮುತ್ಯಾನ ಪಕ್ಕಕ್ಕೆ ಒರಗಿಸಿಟ್ಟ ಬಡಿಗೆಯನ್ನು ನೋಡಿದ, ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಅಪ್ಪ ನಗುತ್ತಲೇ ಎದ್ದು, ನಗುತ್ತಲೇ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಅಲ್ಲಿ ನಗು ನಿಲ್ಲಿಸಿ ಬೆನ್ನಿಗೆ ಒಂದು ಬಿಟ್ಟ.

“ಹಿರಿಯಾರ ಮುಂದ ಸೋಂಗ ಮಾಡ್ತಿ? ನಾಚಿಕಿ ಬರಂಗಿಲ್ಲ?”

ಆ ಸಂಬಂಧ ಕುದುರಲಿಲ್ಲ. ಅವರಿಗೆ ಬೇಕಾದದ್ದು ಮರಾಠಿ ಶಾಲೆ ಕಲಿತ ಹುಡುಗಿ ಎಂದು ಆಮೇಲೆ ತಿಳಿಯಿತಾದರೂ, ಅಕ್ಕ ಇಂದಿಗೂ ಅದನ್ನು ನನ್ನ ಕಾಲಿನ ಮೇಲೇ ಹಾಕುತ್ತಾಳೆ.

ದೀಪಾವಳಿ ಬಂತು. ಹಿಂದಿನ ದಿನವೇ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಚೆಂಡುಹೂವಿನ ಮಾಲೆ ಕಟ್ಟಿ ನೀರು ತುಂಬಿದ್ದರು. ನೀರೆರೆಯುವ ದಿನ ಗಂಡಸರೆಲ್ಲ ಸಾಲಾಗಿ ಎಣ್ಣೆ ಹಚ್ಚಿಸಿಕೊಂಡು ಕಾಯಬೇಕು, ಕಿರಿಯರದು ಮೊದಲು. ನಾನು ಬಚ್ಚಲ ಕಲ್ಲಿನ ಮೇಲೆ ಕೂತೆ. ಬಚ್ಚಲ ಬಾಗಿಲ ಎದುರಿನ ಕಟ್ಟೆಯ ಮೇಲೆ ಮುತ್ಯಾ ಮೈತುಂಬ ಎಣ್ಣೆ ಸುರಿಸುತ್ತ ಕೂತಿದ್ದ. ಅವ್ವ ಉಟಣೆ ಪುಡಿ ಹಚ್ಚಿ ನನ್ನ ಬೆನ್ನು ತಿಕ್ಕಲು ಹೋದವಳು ತಡೆದಳು.

“ಅಯ್ಯ, ಇಲ್ಲಿ ಬರ್ರಿ,” ಎಂದು ಅಪ್ಪನನ್ನು ಕರೆದಳು. “ಕೈ ತೊಳ್ಕೊಳ್ಳದ ಹೊಡದೀರಿ ನೋಡ್ರಿ, ಹುಡುಗನ ಬೆನ್ನ ಮ್ಯಾಲ ಐದೂ ಬಟ್ಟು ಛಾಪಾ ಕುಂತಾವ!”

ಅಪ್ಪ ಬಗ್ಗಿ ನೋಡಿದ. ಅವನದೇ ಕೈ, ಅವನದೇ ಐದು ಬೆರಳು, ನೀಲಿಯಾಗಿ.

“ಮೋರಚೂದ ಅದು. ಹುಣಸೆಹಣ್ಣು ಹಚ್ಚಿ ತಿಕ್ಕು, ಹೋಗ್ತೈತಿ.”

ಅವ್ವ ಹಂಡೆ ಬೆಳಗಿ ಉಳಿದ ಹುಣಸೆಹಣ್ಣು ತಂದು ನನ್ನ ಬೆನ್ನಿಗೆ ಹಚ್ಚಿದಳು. ಹಂಡೆ ಬೆಳಗಿದ ಹಾಗೆಯೇ ತಿಕ್ಕಿದಳು. ನಾನು ಹಂಡೆಯಂತೆ ಠಣ್ ಠಣ್ ಸದ್ದು ಮಾಡಿದೆ, ಅಕ್ಕ ನಕ್ಕಳು. ನೀಲಿ ಹೋಗಲಿಲ್ಲ. ಅದರ ಬದಲು ತಿಕ್ಕಿದಲ್ಲೆಲ್ಲ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು ಎದ್ದವು, ಯಾರೋ ಕೆಂಪು ಮಸಿಯಲ್ಲಿ ಸೂಜಿ ಅದ್ದಿ ಚುಚ್ಚಿದ ಹಾಗೆ. ಅವ್ವನ ಕೈ ನಿಂತಿತು.

ಕಟ್ಟೆಯಿಂದ ಮುತ್ಯಾ ಇಳಿದು ಬಂದ. ಒಂದು ಹೆಜ್ಜೆ, ಒಂದು ಎಳೆತ; ಬಡಿಗೆ ಇರಲಿಲ್ಲ, ಗೋಡೆ ಹಿಡಿದಿದ್ದ. ನನ್ನ ಬೆನ್ನನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದ. ದ್ರಾಕ್ಷಿ ಎಲೆಯ ಹಿಂಬದಿಯಲ್ಲಿ ರೋಗ ಹುಡುಕುವಾಗ ಅವನು ಹಾಗೆ ನೋಡುತ್ತಿದ್ದ.

“ಇದು ಮೋರಚೂದ ಅಲ್ಲ,” ಎಂದ. “ನಡುವ ನೀಲಿ ಐತಿ, ಅಂಚಿಗೆ ಹಸರ ಆಗೈತಿ, ಈ ಕಡೆ ಹಳದಿ. ಮೋರಚೂದ ಎಂದಾರ ಹಳದಿ ಆಗೂದು ಕಂಡೀಯೇನು? ಇದು ಒಳಗಿನ ರಕ್ತ. ಹೊಡದ ಎಷ್ಟ ದಿನಾ ಆತು?”

“ಎಂಟ ದಿನಾ ಆತ್ರಿ,” ಎಂದ ಅಪ್ಪ. ಅವನ ದನಿ ಸಣ್ಣದಾಗಿತ್ತು. “ಜೋರ ಏನ ಹೊಡದಿಲ್ಲಪಾ. ಒಂದ ಏಟು.”

“ನಾ ನಿನಗ ಬೈಯಾಕತ್ತಿಲ್ಲ. ಕೇಳಿಲ್ಲಿ. ಈ ಕಳ್ಳ ನನ್ನ ನಡಿಗಿ ಕದ್ದು ಮೂರ ವರ್ಷ ಆತು. ಒಂದ ದಿನಾ ತಪ್ಪಿಲ್ಲ. ಕಾಲ ಬೀಸೂದು, ಹ್ಞಾ ಅನ್ನೂದು, ಎಲ್ಲಾ ಬರೋಬ್ಬರಿ. ನಂದು ಯಾವ ಕಾಲು?”

“ಎಡಗಾಲು.”

“ಇಂವಾ ಹದಿನೈದ ದಿನಾ ಆತು ಬಲಗಾಲು ಎಳ್ಯಾಕತ್ತಾನ. ಹ್ಞಾನೂ ಅನ್ನೂದಿಲ್ಲ. ಮೊದಲ ನಾನೂ ಬೈದೆ. ಆಮ್ಯಾಲ ನೋಡಾಕತ್ತೀನಿ, ಇಂವಾ ಮರತನೇನು ಅಂತ. ಮರಿಯೂ ಪೈಕಿ ಅಲ್ಲ ಇಂವಾ. ಇದು ಸೋಂಗ ಅಲ್ಲೋ.”

ನಾನು ಎಣ್ಣೆ, ಉಟಣೆ, ಹುಣಸೆಹಣ್ಣು ಬಳಿದುಕೊಂಡು ಕೂತಿದ್ದೆ. ಮೂರು ವರ್ಷ ಅವನು ಬಡಿಗೆ ಬೀಸಿದ್ದು ಸಿಟ್ಟಿನಿಂದ ಎಂದುಕೊಂಡಿದ್ದೆ. ಅವನು ಪ್ರತಿ ಸಲ ನೋಡುತ್ತಿದ್ದ, ಕಾಲು ಸರಿಯಾಗಿ ಬೀಳುತ್ತದೆಯೋ ಇಲ್ಲವೋ ಎಂದು ಮಾರ್ಕು ಹಾಕುತ್ತಿದ್ದ ಎಂಬುದು ಆಗ ತಿಳಿಯಿತು.

“ಎಲ್ಲಿ ಬ್ಯಾನಿ ಆಗ್ತೈತಿ ತಮ್ಮಾ?” ಎಂದು ಮುತ್ಯಾ ಕೇಳಿದ. ಅವನು ನನ್ನನ್ನು ತಮ್ಮಾ ಎಂದದ್ದು ಅದೇ ಮೊದಲು.

“ಎಲುವಿನ ಒಳಗ,” ಎಂದೆ. ಈ ಸಲ ಯಾರೂ ನಗಲಿಲ್ಲ.

ಹಬ್ಬ ಮುಗಿಯಲಿ ಎಂದು ಅಪ್ಪ ಹೇಳಿ ನೋಡಿದ. ಹಬ್ಬ ಮುಂದಿನ ವರ್ಷವೂ ಬರುತ್ತದೆ ಎಂದು ಮುತ್ಯಾ ಎಣ್ಣೆಮೈಯಲ್ಲೇ ಅಂಗಿ ಹಾಕಿಕೊಂಡ. ಅಕ್ಕ ಗಡಿಬಿಡಿಯಲ್ಲಿ ಆರತಿ ಬೆಳಗಿದಳು. ನನ್ನ ಹಣೆಗೆ ಇಟ್ಟ ಕುಂಕುಮ ಮೂಗಿನ ಮೇಲೂ ಬಿತ್ತು. ಮಧ್ಯಾಹ್ನದೊಳಗೆ ನಾವು ಮೂವರು ಅಥಣಿಯಲ್ಲಿದ್ದೆವು.

ಅಥಣಿಯಲ್ಲಿ ಮಕ್ಕಳನ್ನು ನೋಡುವ ಒಬ್ಬ ಹೆಣ್ಣು ಡಾಕ್ಟರು ಇದ್ದರು, ಎಲ್ಲರೂ ಡಾಕ್ಟರ ಬಾಯಿ ಎನ್ನುತ್ತಿದ್ದರು. ಸಣ್ಣ ದನಿ, ದೊಡ್ಡ ಕನ್ನಡಕ. ಅವರು ನನ್ನ ಮಾತು ಕೇಳುವ ಮೊದಲು ನನ್ನ ಮೈಯನ್ನು ಕೇಳಿದರು. ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡಿದರು, ಉಗುರು ಒತ್ತಿದರು, ಒಸಡು ನೋಡಿದರು. ಮೇಜಿನ ಮೇಲಿನ ನೀರಿನ ಗ್ಲಾಸು ಬರಿದು ಮಾಡಿ, ಅದರ ತಳವನ್ನು ಬೆನ್ನಿನ ಕೆಂಪು ಚುಕ್ಕೆಗಳ ಮೇಲೆ ಒತ್ತಿ ಗಾಜಿನೊಳಗಿಂದ ನೋಡಿದರು. ಒತ್ತಿದರೂ ಚುಕ್ಕೆಗಳು ಮಾಯವಾಗಲಿಲ್ಲ. ಕತ್ತಿನ ಎರಡೂ ಕಡೆ, ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಗಂಟು ಹುಡುಕಿದರು. ಅವು ಇದ್ದವು; ನೋವಿರದ, ಬಟಾಣಿಯಂಥ ಗಂಟುಗಳು. ನನ್ನನ್ನು ಮಲಗಿಸಿ ಎಡಪಕ್ಕೆಯ ಕೆಳಗೆ ಬೆರಳು ಇಳಿಸಿ, ಉಸಿರು ಎಳೆ ಎಂದರು. ಎಳೆದಾಗ ಒಳಗಿನದೇನೋ ಬಂದು ಅವರ ಬೆರಳಿಗೆ ತಾಗಿತು, ನನಗೂ ಗೊತ್ತಾಯಿತು. ಕೊನೆಗೆ ಎದೆಯ ನಡುವಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿದರು. ಕಿರುಚಿದೆ. ಅವರು ಅಪ್ಪನ ಕಡೆ ತಿರುಗಿ ಎಷ್ಟು ದಿನದಿಂದ ಎಂದು ಕೇಳಿದರೆ, ಮುತ್ಯಾ ಹೋರಿಯಿಂದ ಶುರುಮಾಡಿ ಎಡಗಾಲು ಬಲಗಾಲಿನ ಕಥೆಯನ್ನೆಲ್ಲ ಹೇಳಿದ. ಡಾಕ್ಟರ ಬಾಯಿಯವರು ನಡುವೆ ತಡೆಯದೆ ಕೇಳಿ, ಎಲ್ಲವನ್ನೂ ಬರೆದುಕೊಂಡರು. ಹೋರಿಯನ್ನು ಬರೆದುಕೊಂಡರೋ ಇಲ್ಲವೋ ಗೊತ್ತಿಲ್ಲ.

ಪಕ್ಕದ ಕೋಣೆಯಲ್ಲಿ ರಕ್ತ ತೆಗೆದರು. ಬೆರಳು ಚುಚ್ಚಿ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಇಟ್ಟು, ಇನ್ನೊಂದು ಪಟ್ಟಿಯಿಂದ ಅದನ್ನು ಸವರಿದರು. ಅವ್ವ ದೋಸೆ ಹಾಕುವುದಕ್ಕಿಂತ ನಾಜೂಕು. ಬೆರಳಿಗೆ ಹತ್ತಿ ಒತ್ತಿ ಹಿಡಿ ಎಂದರು. ಹಿಡಿದೆ. ಹತ್ತಿ ಕೆಂಪಾಯಿತು, ಇನ್ನೊಂದು ಕೊಟ್ಟರು, ಅದೂ ಕೆಂಪಾಯಿತು. ರಕ್ತ ನೋಡುವ ಮನುಷ್ಯ ದುರ್ಬೀನಿಗೆ ಕಣ್ಣು ಹಚ್ಚಿದ, ತೆಗೆದ, ಕಣ್ಣು ಒರೆಸಿಕೊಂಡು ಮತ್ತೆ ಹಚ್ಚಿದ, ಎದ್ದು ಹೋಗಿ ಬಾಯಿಯವರನ್ನು ಕರೆದುಕೊಂಡು ಬಂದ. ಅವರೂ ಹಾಗೆಯೇ ಎರಡು ಸಲ ನೋಡಿದರು. ಅವರಿಬ್ಬರ ಆ ಮೌನವನ್ನು ನಾನು ಆಮೇಲೆ ಎಷ್ಟೋ ಸಲ ಮಾಡಲು ಯತ್ನಿಸಿದ್ದೇನೆ. ಬರುವುದಿಲ್ಲ.

“ರಕ್ತ ಭಾಳ ಕಡಿಮಿ ಐತ್ರಿ,” ಎಂದರು ಬಾಯಿಯವರು. “ರಕ್ತ ಹೆಪ್ಪುಗಟ್ಟಸೂ ಕಣಾನೂ ಭಾಳ ಕಡಿಮಿ ಅದಾವ, ಅದಕ್ಕ ಮುಟ್ಟಿದಲ್ಲೆಲ್ಲ ನೀಲಿ ಬರ್ತೈತಿ. ಬಿಳಿ ಕಣ ಮಾತ್ರ ಎಷ್ಟ ಬೇಕೋ ಅದಕ್ಕಿಂತ ಹೆಚ್ಚಿಗಿ ಅದಾವ, ಅವೂ ಬೆಳದಾವಲ್ಲ. ನನಗ ಒಂದ ಸಂಶಯ ಐತಿ. ಆದ್ರ ಬರೇ ಈ ರಕ್ತ ನೋಡಿ ಹೆಸರ ಹೇಳೂದು ತಪ್ಪು. ಎಲುವಿನ ಒಳಗಿನ ಮಜ್ಜಿ ತಗದ ನೋಡಬೇಕು. ರಕ್ತ ಹುಟ್ಟೂದ ಅಲ್ಲಿ.”

“ಬಾಂವ್ಯಾಗಿನ ನೀರ ಕೆಟ್ರ ಸೆಲಿ ನೋಡಿದಂಗರಿ?” ಎಂದ ಮುತ್ಯಾ.

“ಬರೋಬ್ಬರಿ ಹೇಳಿದ್ರಿ ಅಜ್ಜಾರ. ಇವತ್ತ ಮಿರಜಿಗೆ ಹೋಗ್ರಿ. ನಾಳೆ ಅನಬ್ಯಾಡ್ರಿ.”

ಮಿರಜಿನ ದೊಡ್ಡಾಸ್ಪತ್ರೆಯಲ್ಲಿ ಮರುದಿನ ಬೆಳಗ್ಗೆ ನನ್ನನ್ನು ಒಂದು ಮೇಜಿನ ಮೇಲೆ ಒಂದು ಮಗ್ಗುಲಾಗಿ, ಮೊಣಕಾಲು ಎದೆಗೆ ಹಚ್ಚಿ ಮಲಗಿಸಿದರು. ಅಪ್ಪನನ್ನು ಹೊರಗೆ ನಿಲ್ಲಿಸಿದರು. ಅಲ್ಲಿದ್ದ ಸಿಸ್ಟರ್ ಕೇರಳದವಳು. ಅವಳ ಮರಾಠಿ ಕಲ್ಲುಸಕ್ಕರೆಯನ್ನು ಬಾಯಲ್ಲಿಟ್ಟುಕೊಂಡು ಮಾತಾಡಿದಂತಿತ್ತು. ‘ಹಲೂ ನಕೋ ಬಾಳಾ’, ಅಲುಗಾಡಬೇಡ ಮಗು, ಎಂದು ಅವಳೆಂದಾಗ ಅದೇ ಧಾಟಿಯಲ್ಲಿ ತಿರುಗಿ ಹೇಳಿದೆ. ಡಾಕ್ಟರು ಮುಖದ ಬಟ್ಟೆಯೊಳಗೇ ನಕ್ಕರು. ಸೊಂಟದ ಹಿಂದಿನ ಎಲುಬಿನ ಹತ್ತಿರ ಮೊದಲು ಸಣ್ಣ ಸೂಜಿಯಿಂದ ಚರ್ಮ ಮರಗಟ್ಟಿಸಿದರು. ಆಮೇಲೆ ದಪ್ಪ ಸೂಜಿ. ಅದು ಒಳಗಿಳಿಯುವಾಗ ನೋವಿಗಿಂತ ಒತ್ತಡವೇ ಹೆಚ್ಚು, ಗೋಡೆಗೆ ಗೂಟ ತಿರುವಿದ ಹಾಗೆ. ಮುಗಿಯಿತು ಎಂದುಕೊಂಡೆ. ಆಗ ಸಿರಿಂಜಿನಿಂದ ಎಳೆದರು. ಎರಡೇ ಎರಡು ಗಳಿಗೆ. ಕಾಲಿನ ಹೆಬ್ಬೆರಳಿನಿಂದ ಸೊಂಟದವರೆಗಿನ ಒಳದಾರವನ್ನು ಯಾರೋ ಒಂದೇ ಸಲಕ್ಕೆ ಜಗ್ಗಿದರು. ನಾನು ಕೂಗಿದೆ. ಹೊರಗೆ ನಿಂತಿದ್ದ ಅಪ್ಪ ಆಮೇಲೆ ಹೇಳಿದ್ದಿಷ್ಟು: ‘ಆ ದನಿ ಯಾರದು ಅಂತ ನನಗ ಗುರ್ತ ಹತ್ತಲಿಲ್ಲ.’ ಅದು ನನ್ನದು. ಯಾರದೂ ನಕಲಲ್ಲದ ನನ್ನ ಸ್ವಂತ ದನಿಯನ್ನು ನಾನೂ ಅಂದೇ ಮೊದಲು ಕೇಳಿದ್ದು.

ಎರಡು ದಿನ ಬಿಟ್ಟು ಡಾಕ್ಟರು ಅಪ್ಪನನ್ನೂ ಮುತ್ಯಾನನ್ನೂ ಕೂರಿಸಿಕೊಂಡು ಹೇಳಿದರು. ನಾನು ನಿದ್ದೆಯ ಸೋಂಗ ಹಾಕಿ ಎಲ್ಲ ಕೇಳಿಸಿಕೊಂಡೆ. ಅವರು ಮರಾಠಿಯವರಾದರೂ ನಮಗಾಗಿ ಕನ್ನಡ ಎಳೆದು ತಂದರು. ಲ್ಯುಕೇಮಿಯಾ ಎಂದರು, ರಕ್ತದ ಕ್ಯಾನ್ಸರ್ ಎಂದರು. ಮಜ್ಜೆಯಲ್ಲಿ ಬೆಳೆಯದ ಬಿಳಿ ಕಣಗಳೇ ತುಂಬಿ, ಉಳಿದ ಕಣ ಹುಟ್ಟಲು ಜಾಗವಿಲ್ಲದಂತಾಗಿದೆ ಎಂದರು. ಅದಕ್ಕೇ ಎಲುಬಿನ ನೋವು, ಅದಕ್ಕೇ ದಣಿವು, ಅದಕ್ಕೇ ನೀಲಿ. ಮಕ್ಕಳಿಗೆ ಹೆಚ್ಚಾಗಿ ಬರುವ ಜಾತಿ ಇದು, ಔಷಧಕ್ಕೆ ಬಗ್ಗುವುದೂ ಉಂಟು, ಬಗ್ಗದಿರುವುದೂ ಉಂಟು. ಒಂದು ತಿಂಗಳು ಔಷಧ ಕೊಟ್ಟು ಮತ್ತೆ ಮಜ್ಜೆ ತೆಗೆದು ನೋಡುವವರೆಗೆ ತಾವು ಮಾತು ಕೊಡುವುದಿಲ್ಲ ಎಂದರು.

ಅಪ್ಪ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತು.

“ಸಾಹೇಬ್ರ, ನಾ ಹೊಡದಿದ್ದಕ್ಕ ಬಂತೇನ್ರಿ ಇದು? ಇಲ್ಲಾ ಮೋರಚೂದ ಒಳಗ ಹೋಗಿ?”

“ಅಲ್ಲ. ಹೊಡತದಿಂದ ಬರೂದಿಲ್ಲ. ಮೋರಚೂದಾನೂ ಅಲ್ಲ. ಒಬ್ಬರಿಂದ ಒಬ್ಬರಿಗೂ ಬರೂದಿಲ್ಲ. ಯಾಕ ಬರ್ತೈತಿ ಅಂತ ನನಗೂ ಗೊತ್ತಿಲ್ಲ. ನಿಮ್ಮ ಕೈ ಗುರ್ತ ಮೂಡಿದ್ದಕ್ಕ ನೀವು ಬಂದ್ರಿ. ಇನ್ನೊಂದ ತಿಂಗಳ ತಡಾ ಆಗಿದ್ರ ನಾವೂ ಏನೂ ಮಾಡಾಕ ಬರ್ತಿರಲಿಲ್ಲ.”

ಮುತ್ಯಾ ಇಷ್ಟು ಹೊತ್ತು ಬಡಿಗೆಯ ತುದಿಯಿಂದ ನೆಲದ ಮೇಲೆ ಏನೋ ಗೀಚುತ್ತಿದ್ದ. “ತಿಳೀತು,” ಎಂದ. “ಬಗಲಫೂಟ.”

ದ್ರಾಕ್ಷಿ ಬಳ್ಳಿಯ ಎಲೆಯ ಕಂಕುಳಲ್ಲಿ ಒಡೆಯುವ ಅಡ್ಡ ಚಿಗುರಿಗೆ ನಮ್ಮಲ್ಲಿ ಬಗಲಫೂಟ ಎನ್ನುತ್ತಾರೆ. ನೋಡಲು ಸೊಂಪು, ಗೊನೆ ಕೊಡುವುದಿಲ್ಲ, ಬಳ್ಳಿಯ ಕಸುವನ್ನೆಲ್ಲ ತಾನೇ ಕುಡಿಯುತ್ತದೆ. ಅದನ್ನು ಒಂದು ಸಲ ಚಿವುಟಿದರೆ ಸಾಲದು, ಮತ್ತೆ ಮತ್ತೆ ಚಿವುಟಬೇಕು. ಡಾಕ್ಟರು ಸಾಂಗ್ಲಿ ಕಡೆಯ ದ್ರಾಕ್ಷಿ ಮನೆತನದವರಿರಬೇಕು, ತಟ್ಟನೆ ತಲೆಯಾಡಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಕ್ಯಾನ್ಸರ್ ಎನ್ನಲಿಲ್ಲ. ಅವ್ವ ಗಂಗವ್ವನಿಗೆ, ‘ಹುಡುಗಗ ಬಗಲಫೂಟ ಆಗೈತಿ, ಚಿವುಟಾಕತ್ತಾರ’ ಎಂದು ಹೇಳಿದಳಂತೆ. ಗಂಗವ್ವ ಏನು ತಿಳಿದುಕೊಂಡಳೋ, ನಾನು ಬಂದ ಮೇಲೆ ಒಂದು ವರ್ಷ ನನ್ನ ಕಂಕುಳನ್ನೇ ನೋಡುತ್ತಿದ್ದಳು.

ಆ ಚಿವುಟುವಿಕೆಯ ವಿವರ ಇಲ್ಲಿ ಬೇಡ. ವಾಂತಿಯಾಯಿತು, ಬಾಯಿ ಹುಣ್ಣಾಯಿತು, ಬೇರೆಯವರ ರಕ್ತ ಬಾಟಲಿಯಿಂದ ಇಳಿಯಿತು, ಅದರಲ್ಲಿ ಒಂದು ಬಾಟಲಿ ಅಪ್ಪನದು. ಕೂದಲು ಉದುರಿದಾಗ ನನಗೆ ಬೋಳುತಲೆಯ ಮಾಸ್ತರನ ಸೋಂಗಕ್ಕೆ ಬೇಕಾದ ಕೊನೆಯ ಸಾಮಗ್ರಿ ಸಿಕ್ಕಿತು. ಪ್ರತಿ ವಾಕ್ಯದ ಕೊನೆಗೆ ತಲೆ ಸವರಿಕೊಂಡು ವಾರ್ಡಿನ ಮಕ್ಕಳಿಗೆ ಮಗ್ಗಿ ಕಲಿಸಿದೆ. ಪಕ್ಕದ ಮಂಚದಲ್ಲಿದ್ದ ರಾಯಬಾಗದ ಕಡೆಯ ಹುಡುಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಒಂದು ಬೆಳಗ್ಗೆ ಆ ಮಂಚಕ್ಕೆ ಹೊಸ ಚಾದರ ಹಾಸಿದ್ದರು. ಯಾರನ್ನೂ ಕೇಳಲಿಲ್ಲ. ಆ ದಿನ ಮಾಸ್ತರ ರಜೆ ಹಾಕಿದ.

ತಿಂಗಳು ದಾಟಿದ ಮೇಲೆ ಮತ್ತೆ ಅದೇ ಮೇಜು, ಅದೇ ಸೂಜಿ, ಅದೇ ಕಲ್ಲುಸಕ್ಕರೆ ಮರಾಠಿ. ಫಲಿತಾಂಶ ಬಂದಾಗ ಡಾಕ್ಟರು ಅಪ್ಪನಿಗೆ ಕಾಗದ ತೋರಿಸಿ, ಮಜ್ಜೆಯಲ್ಲಿ ಕೆಟ್ಟ ಕಣ ಕಾಣುತ್ತಿಲ್ಲ ಎಂದರು. ಇದು ಮುಗಿದಂತಲ್ಲ, ವರ್ಷಗಟ್ಟಲೆ ಬಂದು ಹೋಗಬೇಕು, ಆದರೆ ಈಗ ಮನೆಗೆ ಹೋಗಿ ಬರ್ರಿ ಎಂದರು. ಅಪ್ಪ ಆ ಕಾಗದವನ್ನು ತಲೆಕೆಳಗಾಗಿ ಹಿಡಿದು ಪೂರ್ತಿ ಓದಿದ.

ಮಿರಜಿನಿಂದ ಪ್ಯಾಸೆಂಜರ್ ಗಾಡಿಯಲ್ಲಿ ಶೇಡಬಾಳ ಸ್ಟೇಷನ್ನಿಗೆ ಬಂದಿಳಿದೆವು. ದ್ರಾಕ್ಷಿಗೆ ನೀರು ತುಂಬಿ ಮೆತ್ತಗಾಗುವ ಹೊತ್ತು. ಪ್ಲಾಟ್‌ಫಾರ್ಮಿನ ಆಚೆ ತುದಿಗೆ ಕಲ್ಲಿನ ಬೆಂಚಿನ ಮೇಲೆ ಮುತ್ಯಾ ಕೂತಿದ್ದ, ಎರಡೂ ಕೈ ಬಡಿಗೆಯ ಮೇಲೆ. ಹಿಂದೆ ಚಕ್ಕಡಿ ನಿಂತಿತ್ತು. ಔಷಧ ಶುರುವಾದ ಮೇಲೆ ತೋಟ ನೋಡಿಕೊಳ್ಳಲು ಊರಿಗೆ ಮರಳಿದ್ದ ಅವನಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಬರುತ್ತೇವೆ ಎಂದಷ್ಟೇ ಕಾರ್ಡು ಬರೆದಿದ್ದೆವು. ಎತ್ತಿಕೊಳ್ಳಲು ಬಂದ ಅಪ್ಪನ ಕೈ ಬಿಡಿಸಿಕೊಂಡೆ. ಔಷಧದಿಂದ ಎರಡೂ ಕಾಲು ಹತ್ತಿಯಂತಾಗಿದ್ದವು, ಆದರೆ ಎಲುಬಿನೊಳಗೆ ಕೂತು ಒತ್ತುತ್ತಿದ್ದವನು ಎದ್ದು ಹೋಗಿದ್ದ. ತಲೆಯ ಟೊಪ್ಪಿಗೆ ಸರಿಮಾಡಿಕೊಂಡು ನಡೆಯತೊಡಗಿದೆ. ಒಂದು ಹೆಜ್ಜೆ. ಒಂದು ಎಳೆತ.

ಮುತ್ಯಾನ ಮುಖ ಬಿಳಿಚಿತು. ಅವನು ನನ್ನ ಮುಖ ನೋಡಲಿಲ್ಲ, ಟೊಪ್ಪಿಗೆ ನೋಡಲಿಲ್ಲ, ಹಿಂದೆ ಬರುತ್ತಿದ್ದ ಅಪ್ಪನನ್ನೂ ನೋಡಲಿಲ್ಲ. ಮುಂದಕ್ಕೆ ಬಗ್ಗಿ ಕಾಲನ್ನೇ ನೋಡಿದ. ನಾನು ಎಡಗಾಲನ್ನು ಕುಡುಗೋಲಿನ ಹಾಗೆ ಹೊರಗಿನಿಂದ ಬೀಸಿ ತಂದು ಇಟ್ಟೆ. ‘ಹ್ಞಾ’ ಎಂದೆ. ಆ ದನಿ ಮುಗಿದ ಮೇಲೆ, ಅದಕ್ಕೂ ಮೊದಲಲ್ಲ, ಇಲ್ಲದ ಬಡಿಗೆಯನ್ನು ನೆಲಕ್ಕೆ ಊರಿದೆ.

ಮುತ್ಯಾ ಬಡಿಗೆ ಎತ್ತಿದ. ಎತ್ತಿದ್ದು ಹಾಗೆಯೇ ಮೇಲೆ ನಿಂತಿತು. ಆಮೇಲೆ ಅದನ್ನು ಮೆಲ್ಲಗೆ ಇಳಿಸಿ, ಪಟಗಾದ ತುದಿಯಿಂದ ಕಣ್ಣು ಒರೆಸಿಕೊಂಡ.

“ಕಳ್ಳ ಸೂಳೇಮಗನ,” ಎಂದ. “ಇನ್ನೊಮ್ಮಿ ಮಾಡಲೇ.”